ಟಂಡ್ರಾ: ಹರಿದರೆ ಹೊಲಿಯಲಾಗದ ಹೊದಿಕೆ

1984 ಮತ್ತು 1985ರ ಚಳಿಗಾಲದಲ್ಲಿ ಅಲಾಸ್ಕಾದ ಉತ್ತರ ಅಂಚಿನ ವನ್ಯಜೀವಿ ಧಾಮಕ್ಕೆ ಒಂದಷ್ಟು ಭಾರಿ ವಾಹನಗಳು ಹೋದವು. ನೆಲದೊಳಗೆ ಕಂಪನ ಕಳಿಸಿ, ಕೆಳಗೆ ತೈಲ ಇದೆಯಾ ಎಂದು ನೋಡುವ ಕೆಲಸ. ಬೇಸಿಗೆಯಲ್ಲಿ ಹೋದರೆ ನೆಲ ಹಾಳಾಗುತ್ತದೆ ಎಂದೇ ಚಳಿಗಾಲ ಆರಿಸಿಕೊಂಡಿದ್ದರು. ಆಗ ನೆಲ ಕಲ್ಲಿನ ಹಾಗೆ ಗಟ್ಟಿ, ಮೇಲೆ ಹಿಮ ಬೇರೆ ಇರುತ್ತದೆ. ಕೆಲಸ ಮುಗಿಸಿ ಎಲ್ಲರೂ ವಾಪಸ್ ಬಂದರು. ರಸ್ತೆ ಮಾಡಲಿಲ್ಲ, ಕಟ್ಟಡ ಕಟ್ಟಲಿಲ್ಲ.

25 ವರ್ಷ ಆದ ಮೇಲೆ ನೋಡಿದರೆ ಬಹಳಷ್ಟು ಕಡೆ ಗಿಡ ಚಿಗುರಿ ಗುರುತು ಮಾಸಿತ್ತು. ಆದರೆ ಎಲ್ಲ ಕಡೆ ಅಲ್ಲ. ಕೆಲವು ಕಡೆ ವಾಹನ ಹೋದ ದಾರಿ ಆಕಾಶದಿಂದ ನೋಡಿದರೂ ಕಾಣುತ್ತಿತ್ತು. ಇನ್ನು ಕೆಲವು ಕಡೆ ನೆಲ ಕುಸಿದು ನೀರು ನಿಂತಿತ್ತು.

ಹಿಮದ ಮೇಲೆ ಹಾದು ಹೋದ ವಾಹನ ಕಾಲು ಶತಮಾನದ ಗುರುತು ಬಿಡುವುದು ಹೇಗೆ? ಟಂಡ್ರಾ ನೋಡಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಅಂತ ನನಗೆ ಅನಿಸುತ್ತದೆ. ಪ್ರವಾಸದ ಸಲಹೆಗಳಲ್ಲಿ ಸಿಗುವುದು ಬೇರೆ: ಯಾವ ಜಾಕೆಟ್, ಯಾವ ತಿಂಗಳು, ಹಿಮಕರಡಿ ಎಲ್ಲಿ ಕಾಣುತ್ತದೆ. ಅವೂ ಬೇಕು. ಆದರೆ ಕಾಲ ಕೆಳಗೆ ಏನಿದೆ ಎಂದು ಗೊತ್ತಾದರೆ ಅಲ್ಲಿನ ಮುಕ್ಕಾಲು ಪಾಲು ನಿಯಮಗಳನ್ನು ಯಾರೂ ಹೇಳಿಕೊಡಬೇಕಿಲ್ಲ.

ಮರ ಬೆಳೆಯದ ನೆಲ

ಟಂಡ್ರಾ ಎಂಬ ಪದ ರಷ್ಯನ್ ಭಾಷೆಯ ಮೂಲಕ ಜಗತ್ತಿಗೆ ಬಂತು. ಅದರ ಬೇರು ಉತ್ತರ ಯುರೋಪಿನ ಸಾಮಿ ಜನರ ಮಾತಿನಲ್ಲಿದೆ. ಮರವಿಲ್ಲದ ಎತ್ತರದ ಬಯಲು ಎಂದು ಅರ್ಥ. ಹವಾಮಾನದ ಲೆಕ್ಕದಲ್ಲಿ, ವರ್ಷದ ಅತಿ ಬೆಚ್ಚಗಿನ ತಿಂಗಳಲ್ಲೂ ಸರಾಸರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ, ಆದರೆ ಸೊನ್ನೆಗಿಂತ ಮೇಲೇ ಇರುವ ಜಾಗ ಟಂಡ್ರಾ. ಆ 10 ಡಿಗ್ರಿಯ ಗೆರೆಯೇ ಸುಮಾರಾಗಿ ಮರಗಳಿಗೂ ಗಡಿ.

ಅಲಾಸ್ಕಾ, ಉತ್ತರ ಕೆನಡಾ, ಗ್ರೀನ್‌ಲ್ಯಾಂಡ್‌ನ ಕರಾವಳಿ, ಸೈಬೀರಿಯಾದ ಉತ್ತರ ಅಂಚು, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು, ಇವೆಲ್ಲ ಆರ್ಕ್ಟಿಕ್ ಟಂಡ್ರಾ. ರಾಕಿ, ಆಲ್ಪ್ಸ್, ಆಂಡಿಸ್, ಹಿಮಾಲಯದಂಥ ಬೆಟ್ಟಗಳಲ್ಲಿ ಮರಗಳು ನಿಲ್ಲುವ ಎತ್ತರದಿಂದ ಮೇಲಿರುವುದು ಆಲ್ಪೈನ್ ಟಂಡ್ರಾ. ಅಂಟಾರ್ಕ್ಟಿಕಾದಲ್ಲೂ ಮಂಜುಗಡ್ಡೆ ಮುಚ್ಚದ ಒಂದಿಷ್ಟು ಅಂಚು ಇದೆ. ಅಲ್ಲಿ ತಾನಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎರಡೇ ಎರಡು.

ಮಳೆ, ಹಿಮ ಎಲ್ಲ ಸೇರಿಸಿದರೂ ಆರ್ಕ್ಟಿಕ್ ಟಂಡ್ರಾದ ಬಹುಭಾಗಕ್ಕೆ ವರ್ಷಕ್ಕೆ ಬೀಳುವುದು 150ರಿಂದ 250 ಮಿಲಿಮೀಟರ್. ಮರುಭೂಮಿಯ ಲೆಕ್ಕ ಅದು. ಆದರೂ ಬೇಸಿಗೆಯಲ್ಲಿ ಎಲ್ಲಿ ಕಾಲಿಟ್ಟರೂ ಪಚಪಚ ಅನ್ನುತ್ತದೆ. ಮೇಲಿನಿಂದ ನೋಡಿದರೆ ನೆಲಕ್ಕಿಂತ ಕೆರೆಗಳೇ ಜಾಸ್ತಿ ಅನಿಸುವ ಜಾಗಗಳಿವೆ. ಬಂದ ಸ್ವಲ್ಪ ನೀರಿಗೆ ಇಂಗಲು ದಾರಿಯಿಲ್ಲ. ಕೆಳಗಿರುವ ಹೆಪ್ಪುಗಟ್ಟಿದ ನೆಲ ತಟ್ಟೆಯ ಹಾಗೆ ಅದನ್ನು ತಡೆದು ನಿಲ್ಲಿಸುತ್ತದೆ. ಆವಿಯಾಗಿ ಹೋಗಲು ಬಿಸಿಲೂ ಸಾಲದು.

ಆ ಹೆಪ್ಪುಗಟ್ಟಿದ ನೆಲದ ಹೆಸರು ಪರ್ಮಾಫ್ರಾಸ್ಟ್. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆ ನೆಲವನ್ನು ಹಾಗೆ ಕರೆಯುತ್ತಾರೆ. ಎರಡು ವರ್ಷ ಎಂಬುದು ವ್ಯಾಖ್ಯೆಗಷ್ಟೇ. ಎಷ್ಟೋ ಕಡೆ ಅದು ಸಾವಿರಾರು ವರ್ಷಗಳಿಂದ ಕರಗಿಲ್ಲ. ಅಲಾಸ್ಕಾದ ಉತ್ತರದಲ್ಲಿ ಅದರ ದಪ್ಪ 600 ಮೀಟರ್ ದಾಟುತ್ತದೆ. ಬೇಸಿಗೆ ಬಂದಾಗ ಮೇಲಿನ ಒಂದು ತೆಳು ಪದರ ಮಾತ್ರ ಕರಗುತ್ತದೆ. ಕೆಲವು ಕಡೆ ಒಂದು ಗೇಣು, ಕೆಲವು ಕಡೆ ಒಂದು ಮೀಟರ್. ಇಡೀ ಟಂಡ್ರಾದ ಬೇರು, ಹುಳ, ಹೂವು ಎಲ್ಲ ಆ ಪದರದಲ್ಲೇ ಬದುಕಬೇಕು. ಅದೂ ವರ್ಷಕ್ಕೆ 50ರಿಂದ 60 ದಿನದ ಬೆಳವಣಿಗೆಯ ಕಾಲದಲ್ಲಿ.

ಈಗ ಗಾಲಿಯ ಗುರುತಿಗೆ ಬರೋಣ. ಈ ತೆಳು ಪದರದ ಮೇಲೆ ಪಾಚಿ, ಹುಲ್ಲು, ಕುಳ್ಳು ಪೊದೆಗಳ ಒಂದು ದಟ್ಟ ಹಾಸು ಇರುತ್ತದೆ. ಒಳಗೆ ಗಾಳಿ ತುಂಬಿಕೊಂಡ ಕಂಬಳಿಯ ಹಾಗೆ ಅದು. ನಾವು ಕಂಬಳಿ ಹೊದೆಯುವುದು ಬೆಚ್ಚಗಿರಲು. ಟಂಡ್ರಾ ಹೊದ್ದಿರುವುದು ತಣ್ಣಗಿರಲು. ಬೇಸಿಗೆಯಲ್ಲಿ 24 ಗಂಟೆ ಬೀಳುವ ಬಿಸಿಲಿನ ಶಾಖ ಕೆಳಗಿನ ಮಂಜುಗಡ್ಡೆಗೆ ಇಳಿಯದಂತೆ ಅದು ತಡೆಯುತ್ತದೆ. ಭಾರ ಬಿದ್ದು ಪಾಚಿ ಅದುಮಿ ಹೋದರೆ ಒಳಗಿನ ಗಾಳಿ ಹೋಯಿತು, ತಡೆಯೂ ಹೋಯಿತು. ಶಾಖ ಕೆಳಗಿಳಿಯುತ್ತದೆ. ಮಂಜುಗಡ್ಡೆ ಕರಗುತ್ತದೆ, ನೆಲ ಸ್ವಲ್ಪ ಕುಸಿಯುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಕಪ್ಪಗೆ ನಿಂತ ನೀರು ಇನ್ನೂ ಜಾಸ್ತಿ ಬಿಸಿಲು ಹೀರುತ್ತದೆ. ಇನ್ನಷ್ಟು ಕರಗುತ್ತದೆ, ಇನ್ನಷ್ಟು ಕುಸಿಯುತ್ತದೆ. ವಾಹನ ಹೊರಟುಹೋಗಿ ವರ್ಷಗಳಾದರೂ ಕೆಲಸ ನಡೆಯುತ್ತಲೇ ಇರುತ್ತದೆ.

ಎಲ್ಲ ಕಡೆ ಹೀಗಾಗುವುದಿಲ್ಲ ಏಕೆ? ಕೆಳಗಿನ ಮಂಜುಗಡ್ಡೆ ಸಮನಾಗಿ ಹರಡಿಲ್ಲ. ಚಳಿಗಾಲದ ಕಡು ಚಳಿಗೆ ನೆಲ ಸೆಟೆದು ಬಿರುಕು ಬಿಡುತ್ತದೆ. ವಸಂತದಲ್ಲಿ ಹಿಮ ಕರಗಿದ ನೀರು ಆ ಬಿರುಕಿಗಿಳಿದು ಹೆಪ್ಪುಗಟ್ಟುತ್ತದೆ. ಮರುವರ್ಷ ಅದೇ ಜಾಗ ಮತ್ತೆ ಬಿರಿಯುತ್ತದೆ. ಹೀಗೆ ಶತಮಾನಗಳ ಕಾಲ ನಡೆದು ನೆಲದೊಳಗೆ ಬೆಣೆಯ ಆಕಾರದ ಮಂಜುಗಡ್ಡೆ ಬೆಳೆಯುತ್ತದೆ. ಇಂಥ ಬೆಣೆಗಳು ಒಂದಕ್ಕೊಂದು ಸೇರಿ ಜೇನುಗೂಡಿನ ಹಾಗೆ ಬಲೆ ಕಟ್ಟುತ್ತವೆ. ವಿಮಾನದ ಕಿಟಕಿಯಿಂದ ಕಾಣುವ ಆ ಐದು ಮೂಲೆ, ಆರು ಮೂಲೆಯ ಚೌಕಳಿ ಇದೇ. ಬೆಣೆಯ ಮೇಲೆ ಭಾರ ಬಿದ್ದ ಕಡೆ ನೆಲ ಕುಸಿಯುತ್ತದೆ, ಪಕ್ಕದ ಒಣ ದಿಬ್ಬ ಬಚಾವಾಗುತ್ತದೆ. ಮೇಲೆ ನಿಂತು ನೋಡುವವರಿಗೆ ಯಾವುದು ಯಾವುದೆಂದು ಸುಲಭಕ್ಕೆ ತಿಳಿಯುವುದಿಲ್ಲ.

ಅಲ್ಲಿ ಏನಾದರೂ ಕಟ್ಟಿದವರೆಲ್ಲ ಈ ಪಾಠ ಕಲಿತೇ ಕಟ್ಟಿದ್ದಾರೆ. 1977ರಲ್ಲಿ ಮುಗಿದ ಅಲಾಸ್ಕಾದ ತೈಲ ಕೊಳವೆ ಸುಮಾರು 1,300 ಕಿಲೋಮೀಟರ್ ಉದ್ದ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಬಿಸಿ ಎಣ್ಣೆಯ ಕೊಳವೆಯನ್ನು ಹೂತರೆ ನೆಲವೇ ಕರಗಿಬಿಡುತ್ತದೆ, ಅದಕ್ಕೆ. ಬಹಳಷ್ಟು ಕಂಬಗಳ ಒಳಗೆ ನೆಲದ ಶಾಖವನ್ನು ಹೊರಗೆ ಬಿಡುವ ಕೊಳವೆಗಳೂ ಇವೆ. ಕೆನಡಾದ ಇನುವಿಕ್ ಊರಿನಲ್ಲಿ ಮನೆಗಳು ಕಂಬದ ಮೇಲೆ, ನೀರಿನ ಪೈಪು, ಚರಂಡಿ ಪೈಪು ಎಲ್ಲ ನೆಲದ ಮೇಲೆ. ಅಲ್ಲಿಗೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿಗೆ ಅಡಿಯಲ್ಲಿ ದಪ್ಪ ಜಲ್ಲಿಯ ಹಾಸು ಹಾಕಿದ್ದಾರೆ. ಮಾಡಿದ್ದೆಲ್ಲ ಒಂದೇ ಉದ್ದೇಶಕ್ಕೆ: ಕೆಳಗಿನದ್ದು ಕರಗಬಾರದು.

ಮಂಡಿಯೂರಿ ನೋಡಿದರೆ

ಟಂಡ್ರಾದಲ್ಲಿ ನಿಂತು ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಕಂದು, ಬೂದು, ಅಲ್ಲಲ್ಲಿ ಹಸಿರು. ಇಲ್ಲಿ ನೋಡಬೇಕಾದ್ದು ಕೆಳಗಿದೆ. ಎದೆಮಟ್ಟದಲ್ಲಿ ಬೀಸುವ ಗಾಳಿಗೂ ನೆಲಕ್ಕಿಂತ ಎರಡು ಬೆರಳು ಮೇಲಿನ ಗಾಳಿಗೂ ಬಹಳ ವ್ಯತ್ಯಾಸ. ಗಿಡಗಳೆಲ್ಲ ಆ ಎರಡು ಬೆರಳಿನೊಳಗೆ ಸಂಸಾರ ಹೂಡಿವೆ.

ಮಾಸ್ ಕ್ಯಾಂಪಿಯನ್ ಎಂಬ ಗಿಡ ತಗೊಳ್ಳಿ. ಹಸಿರು ದಿಂಬಿನ ಹಾಗೆ ದುಂಡಗೆ ನೆಲಕ್ಕಂಟಿಕೊಂಡು ಬೆಳೆಯುತ್ತದೆ, ಮೇಲೆಲ್ಲ ಪುಟ್ಟ ಗುಲಾಬಿ ಬಣ್ಣದ ಹೂವು. ಬಿಸಿಲಿದ್ದಾಗ ಆ ದಿಂಬಿನ ಒಳಗಿನ ಉಷ್ಣಾಂಶ ಹೊರಗಿನದಕ್ಕಿಂತ ಹಲವು ಡಿಗ್ರಿ ಜಾಸ್ತಿ ಇರುತ್ತದೆ. ಹುಳಗಳು ಬೆಚ್ಚಗೆ ಕೂರಲು ಬರುತ್ತವೆ. ಆರ್ಕ್ಟಿಕ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬದಿ ಮೊದಲು ಅರಳುವುದರಿಂದ ಅದಕ್ಕೆ ದಿಕ್ಸೂಚಿ ಗಿಡ ಎಂದೂ ಹೆಸರು. ಕೆಳಗೆ ಒಂದೇ ಗಟ್ಟಿ ಬೇರು ಆಳಕ್ಕಿಳಿದಿರುತ್ತದೆ. ಅಂಗೈ ಅಗಲದ ದಿಂಬಿಗೆ ದಶಕಗಳ ವಯಸ್ಸಾಗಿರಬಹುದು. ಬೂಟಿನ ಹಿಮ್ಮಡಿ ತಿರುಗಿಸಿದರೆ ಅದು ಕಿತ್ತು ಬರಲು ಒಂದು ಸೆಕೆಂಡು ಸಾಕು.

ಆರ್ಕ್ಟಿಕ್ ವಿಲ್ಲೋ ಲೆಕ್ಕಕ್ಕೆ ಮರದ ಜಾತಿ. ಆದರೆ ಕೆಲವೇ ಸೆಂಟಿಮೀಟರ್ ಎತ್ತರ, ಮಲಗಿಕೊಂಡೇ ಬೆಳೆಯುತ್ತದೆ. ಗ್ರೀನ್‌ಲ್ಯಾಂಡ್‌ನಲ್ಲಿ ಸಿಕ್ಕ ಒಂದು ಗಿಡಕ್ಕೆ 236 ವರ್ಷ. ಕಾಡೊಂದರ ಮೇಲೆ ನಡೆದು ಬಂದಿದ್ದೀರಿ ಅಂತ ಯಾರಾದರೂ ಹೇಳಿದರೆ ತಮಾಷೆ ಅಂದುಕೊಳ್ಳಬೇಡಿ. ಇನ್ನು ಹಿಮಸಾರಂಗಗಳು ಚಳಿಗಾಲದಲ್ಲಿ ತಿನ್ನುವ ಬೂದು ಬಣ್ಣದ ಕಲ್ಲುಹೂವು ವರ್ಷಕ್ಕೆ ಬೆಳೆಯುವುದು ಮೂರರಿಂದ ಐದು ಮಿಲಿಮೀಟರ್. ಒದ್ದೆಯಿದ್ದಾಗ ಸ್ಪಂಜಿನ ಹಾಗೆ ಬಳುಕುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಹಪ್ಪಳದ ಹಾಗೆ, ಕಾಲಿಟ್ಟರೆ ಪುಡಿ ಪುಡಿ.

ನೆಲವೇ ಸರಿಯುತ್ತಿದೆ

1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಪರ್ಮಾಫ್ರಾಸ್ಟ್‌ನೊಳಗೆ ಕೊಳೆಯದೆ ಉಳಿದ ಗಿಡ, ಬೇರು, ಪ್ರಾಣಿಗಳ ರೂಪದಲ್ಲಿ 1,40,000 ಕೋಟಿ ಟನ್‌ಗೂ ಹೆಚ್ಚು ಇಂಗಾಲ ಇದೆ. ಈಗ ವಾತಾವರಣದಲ್ಲಿ ಇರುವುದರ ಹತ್ತಿರ ಹತ್ತಿರ ಎರಡು ಪಟ್ಟು. ಕರಗಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲದ ಡೈಆಕ್ಸೈಡ್, ಮೀಥೇನ್ ಬಿಡುತ್ತವೆ. ಸಾವಿರಾರು ವರ್ಷ ಇಂಗಾಲ ಕೂಡಿಟ್ಟ ಟಂಡ್ರಾ, ಕಾಡ್ಗಿಚ್ಚಿನ ಹೊಗೆಯನ್ನೂ ಲೆಕ್ಕಕ್ಕೆ ತಗೊಂಡರೆ, ಈಗ ಕೂಡಿಡುವುದಕ್ಕಿಂತ ಬಿಡುವುದೇ ಜಾಸ್ತಿ ಎಂದು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ 2024ರ ಆರ್ಕ್ಟಿಕ್ ವರದಿ ಹೇಳಿತು.

ಕಾಡ್ಗಿಚ್ಚಾ, ಟಂಡ್ರಾದಲ್ಲಾ ಅಂತ ಕೇಳಬಹುದು. 2007ರಲ್ಲಿ ಅಲಾಸ್ಕಾದ ಅನಕ್ಟೂವುಕ್ ನದಿಯ ಬಳಿ ಸುಮಾರು 1,000 ಚದರ ಕಿಲೋಮೀಟರ್ ಟಂಡ್ರಾ ಸುಟ್ಟುಹೋಯಿತು. ಒಣಗಿದ ಪಾಚಿ, ಅದರಡಿಯ ಅರೆಕೊಳೆತ ಸಸ್ಯದ ಪದರ ಒಳಗೊಳಗೇ ಉರಿಯಬಲ್ಲದು. ಬೆಂಕಿ ಸುಡುವುದು ಮತ್ತದೇ ಹೊದಿಕೆಯನ್ನು. ಒಣ ಹವೆಯಲ್ಲಿ ಅಲ್ಲಿ ಕ್ಯಾಂಪ್‌ಫೈರ್ ಹಾಕುವುದು ಚಂದದ ಯೋಚನೆ ಅಲ್ಲ. ಸಣ್ಣ ಗ್ಯಾಸ್ ಸ್ಟೌವ್ ಸಾಕು.

ಪ್ರವಾಸಿಗೆ ಇದೆಲ್ಲ ದೂರದ ಲೆಕ್ಕ ಅನಿಸಿದರೆ ಡೆನಾಲಿ ರಾಷ್ಟ್ರೀಯ ಉದ್ಯಾನದ ರಸ್ತೆ ನೋಡಿ. ಅಲಾಸ್ಕಾದ ಆ ಉದ್ಯಾನಕ್ಕೆ ಇರುವುದೇ ಒಂದು ರಸ್ತೆ, 148 ಕಿಲೋಮೀಟರ್. ಅದರ ಸುಮಾರು ಅರ್ಧದಲ್ಲಿ ಪ್ರೆಟಿ ರಾಕ್ಸ್ ಎಂಬ ಇಳಿಜಾರು ಇದೆ. 2014ಕ್ಕೆ ಮುಂಚೆ ಅಲ್ಲಿ ರಸ್ತೆ ವರ್ಷಕ್ಕೆ ಕೆಲವು ಇಂಚು ಸರಿಯುತ್ತಿತ್ತು. ಆಮೇಲೆ ತಿಂಗಳಿಗೆ ಇಂಚುಗಳ ಲೆಕ್ಕ ಬಂತು. 2019ರಲ್ಲಿ ವಾರಕ್ಕೆ, 2020ರಲ್ಲಿ ದಿನಕ್ಕೆ. 2021ರ ಆಗಸ್ಟ್‌ನಲ್ಲಿ ಗಂಟೆಗೆ ಅರ್ಧ ಇಂಚಿಗೂ ಜಾಸ್ತಿ ಸರಿಯತೊಡಗಿತು. ಲಾರಿ ಲಾರಿ ಜಲ್ಲಿ ಸುರಿದರೂ ನಿಲ್ಲಲಿಲ್ಲ. ಆ ತಿಂಗಳು ಅಲ್ಲಿಂದ ಮುಂದಿನ ರಸ್ತೆ ಮುಚ್ಚಿದರು, ಆಮೇಲೆ ಆ ಇಳಿಜಾರು ದಾಟಲು ಸೇತುವೆ ಕಟ್ಟುವ ಕೆಲಸ ಶುರುವಾಯಿತು. ಟಂಡ್ರಾ ಪ್ರವಾಸದ ಯೋಜನೆಯಲ್ಲಿ ಒಂದೆರಡು ದಿನ ಸುಮ್ನೆ ಖಾಲಿ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಹವಾಮಾನಕ್ಕೆ ವಿಮಾನ ನಿಲ್ಲುತ್ತದೆ, ಈಗ ರಸ್ತೆಗಳನ್ನೂ ನಂಬುವ ಹಾಗಿಲ್ಲ.

ರಷ್ಯಾದಲ್ಲಿ ಪೆಟ್ಟು ಇನ್ನೂ ದೊಡ್ಡದು. 2020ರ ಮೇ 29ರಂದು ನೊರಿಲ್ಸ್ಕ್ ಬಳಿಯ ಒಂದು ವಿದ್ಯುತ್ ಸ್ಥಾವರದ ಟ್ಯಾಂಕು ಒಡೆದು ಸುಮಾರು 21,000 ಟನ್ ಡೀಸೆಲ್ ಚೆಲ್ಲಿತು. ಬಹುಪಾಲು ನದಿಗೆ ಸೇರಿತು. ಪರ್ಮಾಫ್ರಾಸ್ಟ್ ಕರಗಿ ಟ್ಯಾಂಕಿನ ಆಧಾರ ಕುಸಿಯಿತು ಎಂದು ಒಂದು ಮಾತು, ನಿರ್ವಹಣೆ ಸರಿಯಿರಲಿಲ್ಲ ಎಂದು ಇನ್ನೊಂದು. ನನ್ನ ಪ್ರಕಾರ ಇವೆರಡನ್ನೂ ಬೇರೆ ಮಾಡಿ ನೋಡುವುದೇ ತಪ್ಪು. ಕರಗುವ ನೆಲದ ಮೇಲೆ ನಿರ್ವಹಣೆ ಅಂದರೆ ಆಧಾರವನ್ನು ನೋಡಿಕೊಳ್ಳುವುದೇ ಅಲ್ವಾ?

2016ರ ಬೇಸಿಗೆಯಲ್ಲಿ ರಷ್ಯಾದ್ದೇ ಆದ ಯಮಾಲ್ ಪರ್ಯಾಯ ದ್ವೀಪದಲ್ಲಿ ಉಷ್ಣಾಂಶ 35 ಡಿಗ್ರಿವರೆಗೆ ಏರಿತು. 1941ರಿಂದ ಕಾಣದಿದ್ದ ಆಂಥ್ರಾಕ್ಸ್ ರೋಗ ಮರಳಿತು. 2,000ಕ್ಕೂ ಹೆಚ್ಚು ಹಿಮಸಾರಂಗ ಸತ್ತವು, 12 ವರ್ಷದ ಹುಡುಗನೊಬ್ಬ ಸತ್ತ. ಹಳೆಯ ಕಳೇಬರ ಕರಗಿ ರೋಗಾಣು ಹೊರಬಂತು ಎಂಬುದು ಬಲವಾದ ಅಂದಾಜು. ಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಿದ್ದೂ ಕಾರಣ. ಟಂಡ್ರಾದಲ್ಲಿ ಬಿದ್ದ ಎಲುಬು, ಚರ್ಮ, ಸತ್ತ ಪ್ರಾಣಿ ಮುಟ್ಟಬೇಡಿ ಎನ್ನುವುದು ಬರೀ ಶಿಸ್ತಿನ ಮಾತಲ್ಲ.

ಹೋಗುವ ಮೊದಲು ಮುಗಿದುಬಿಟ್ಟರೆ?

ಇದೆಲ್ಲ ಕೇಳಿದ ಜನಕ್ಕೆ ಒಂದು ಅವಸರ ಹುಟ್ಟಿದೆ. ಕರಗಿ ಹೋಗುವ ಮೊದಲು ಒಮ್ಮೆ ನೋಡಿಬಿಡೋಣ. ಕೆನಡಾದ ಚರ್ಚಿಲ್ ಊರಿಗೆ ರಸ್ತೆಯೇ ಇಲ್ಲ, ರೈಲಿನಲ್ಲಿ ಇಲ್ಲವೇ ವಿಮಾನದಲ್ಲಿ ಹೋಗಬೇಕು. ಆದರೂ ಪ್ರತಿ ಅಕ್ಟೋಬರ್, ನವೆಂಬರ್‌ನಲ್ಲಿ ಹಿಮಕರಡಿ ನೋಡಲು ಜನ ತುಂಬಿಕೊಳ್ಳುತ್ತಾರೆ. ಅಲ್ಲಿನ ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ 2016ರ ಎಣಿಕೆಯಲ್ಲಿ 842 ಕರಡಿಗಳಿದ್ದವು, 2021ರಲ್ಲಿ 618. ಅಂಟಾರ್ಕ್ಟಿಕಾಕ್ಕೆ 2023-24ರ ಒಂದೇ ಹಂಗಾಮಿನಲ್ಲಿ 1.2 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಹೋದರು. ಅವರಲ್ಲಿ ಎಲ್ಲರೂ ನೆಲಕ್ಕಿಳಿಯಲಿಲ್ಲ ಎನ್ನುವುದು ಸಮಾಧಾನ. ವಿಮಾನದಲ್ಲಿ ಅಷ್ಟು ದೂರ ಹೋಗಿ ಕರಗುವುದನ್ನು ನೋಡಿ ಮರುಗುವುದರಲ್ಲಿ ಒಂದು ವಿಚಿತ್ರ ಇದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಯಾರೂ ಹೋಗಬಾರದು ಎನ್ನುವ ಪಕ್ಷ ನನ್ನದಲ್ಲ. ಮೂರು ಪ್ರವಾಸದ ಬದಲು ಒಂದೇ ಪ್ರವಾಸ, ಹತ್ತು ಜಾಗದ ಬದಲು ಎರಡೇ ಜಾಗ, ಜಾಸ್ತಿ ದಿನ. ಇಷ್ಟು ಮಾಡಿದರೂ ಭಾರ ಬಹಳ ಕಡಿಮೆಯಾಗುತ್ತದೆ.

ಸ್ವಾಲ್ಬಾರ್ಡ್ ಈ ವಿಷಯದಲ್ಲಿ ಗಟ್ಟಿ ನಿರ್ಧಾರ ತಗೊಂಡಿದೆ. 2025ರ ಜನವರಿ 1ರಿಂದ ಅಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಸಂರಕ್ಷಿತ ಪ್ರದೇಶಕ್ಕೆ ಹೋಗುವ ಹಡಗಿನಲ್ಲಿ 200ಕ್ಕಿಂತ ಜಾಸ್ತಿ ಪ್ರಯಾಣಿಕರು ಇರುವಂತಿಲ್ಲ. ಅಲ್ಲಿ ದಡಕ್ಕಿಳಿಯಲು ಗುರುತು ಮಾಡಿದ 43 ಜಾಗ ಮಾತ್ರ. ಆ ಪ್ರದೇಶದಲ್ಲಿ ಡ್ರೋನ್ ಹಾರಿಸುವ ಹಾಗಿಲ್ಲ. ಪ್ರವಾಸ ನಡೆಸುವವರು ಇದಕ್ಕೆ ಬೇಜಾರು ಮಾಡಿಕೊಂಡರು. 500 ಮೀಟರ್ ದೂರದ ಕರಡಿ ಮೊಬೈಲ್ ಫೋಟೋದಲ್ಲಿ ಒಂದು ಚುಕ್ಕೆ, ನಿಜ. ಆದರೆ ಮರಿ ಕಟ್ಟಿಕೊಂಡ ತಾಯಿಗೆ ಆ ತಿಂಗಳುಗಳಲ್ಲೇ ಬೇಟೆ ಆಗಬೇಕು. ಓಡಿಸಿಕೊಂಡು ಹೋದ ಪ್ರತಿ ಸಲವೂ ಅದು ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ. ಕರಡಿ ನಿಮ್ಮ ಕಡೆ ತಿರುಗಿ ನೋಡಿತು ಅಂದರೆ ಆಗಲೇ ಹತ್ತಿರ ಹೋಗಿಬಿಟ್ಟಿದ್ದೀರಿ ಎಂದು ಅರ್ಥ.

ಅಲ್ಲಿನ ಮುಖ್ಯ ಊರು ಲಾಂಗ್‌ಇಯರ್‌ಬೈನ್. ಊರಿನ ಅಂಚಿನಲ್ಲಿ ಕರಡಿ ಚಿತ್ರದ ತ್ರಿಕೋನ ಫಲಕ ಇದೆ, ಕೆಳಗೆ 'ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ' ಎಂದು ನಾರ್ವೇಜಿಯನ್‌ನಲ್ಲಿ ಬರೆದಿದೆ. ಅದನ್ನು ದಾಟಿ ಹೋಗುವವರ ಬಳಿ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕು. ಅಭ್ಯಾಸವಿಲ್ಲದವರು ಮಾರ್ಗದರ್ಶಿಯ ಜೊತೆಗೇ ಹೋಗಬೇಕು. 2020ರ ಆಗಸ್ಟ್‌ನಲ್ಲಿ ಊರಿನ ಪಕ್ಕದ ಶಿಬಿರದಲ್ಲೇ ಟೆಂಟಿನಲ್ಲಿದ್ದ ಒಬ್ಬರನ್ನು ಕರಡಿ ಕೊಂದಿತು. ಇನ್ನೊಂದು ಮಾತು: ಅಲ್ಲಿ ತುಕ್ಕು ಹಿಡಿದ ಡಬ್ಬ, ಮೊಳೆ, ಹಳೆ ಹಲಗೆ ಕಂಡರೆ ಕಸ ಎಂದು ಎತ್ತಿಕೊಳ್ಳಬೇಡಿ. 1946ಕ್ಕಿಂತ ಮುಂಚಿನ ಮನುಷ್ಯರ ಗುರುತೆಲ್ಲ ಕಾನೂನಿನ ಪ್ರಕಾರ ಪರಂಪರೆಯ ವಸ್ತು. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಎಂದು ಓದಿ ಖುಷಿಪಡುವವರಿದ್ದಾರೆ. ಅಲ್ಲಿಗೆ ವಿಮಾನ ಹೋಗುವುದು ನಾರ್ವೆಯ ಮೂಲಕ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದ ವ್ಯವಸ್ಥೆಯಲ್ಲಿ ನಾರ್ವೆ ಇದೆ, ಸ್ವಾಲ್ಬಾರ್ಡ್ ಇಲ್ಲ. ಷೆಂಗೆನ್ ವೀಸಾ ಬೇಕಾಗುವ ದೇಶದವರಿಗೆ ಎರಡು ಸಲ ಒಳಬರಲು ಬಿಡುವ ವೀಸಾ ಇಲ್ಲದಿದ್ದರೆ ವಾಪಸ್ ಬರುವಾಗ ತೊಂದರೆ.

ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಜಾಸ್ತಿ ಪ್ರವಾಸಿಗರು ಇಳಿಯುವಂತಿಲ್ಲ. 2024ರ ಫೆಬ್ರವರಿಯಲ್ಲಿ ಹಕ್ಕಿಜ್ವರದ ವೈರಸ್ ಅಲ್ಲಿನ ಮುಖ್ಯ ಭೂಭಾಗದಲ್ಲೂ ಪತ್ತೆಯಾಯಿತು. ಇಂಥ ರೋಗ ಹರಡಬಾರದೆಂದೇ ಇಳಿಯುವ ಮೊದಲೂ ಹತ್ತುವಾಗಲೂ ಬೂಟು ಉಜ್ಜಿ ತೊಳೆಸುತ್ತಾರೆ. ಪ್ರಾಣಿ ಪಕ್ಷಿ ಇರುವ ಕಡೆ ಕೂರಬೇಡಿ, ಮಂಡಿ ಊರಬೇಡಿ, ಬ್ಯಾಗು ನೆಲಕ್ಕಿಡಬೇಡಿ ಅನ್ನುತ್ತಾರೆ. ಬಟ್ಟೆಯ ಮಡಿಕೆಯಲ್ಲಿ, ಬೂಟಿನ ಲೇಸಿನಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜಕ್ಕೂ ಅಲ್ಲಿ ಹುಡುಕಾಟ ನಡೆಯುತ್ತದೆ.

ನಡೆಯುವುದು ಹೇಗೆ

ದಾರಿ ಇದ್ದರೆ ದಾರಿಯಲ್ಲೇ ನಡೆಯಬೇಕು, ಅದರ ಮಧ್ಯದಲ್ಲೇ. ಕೆಸರಾಗಿದೆ ಅಂತ ಪಕ್ಕಕ್ಕೆ ಕಾಲಿಟ್ಟರೆ ದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಬೂಟು ಕೆಸರಾಗಲಿ, ಒಣಗುತ್ತದೆ. ದಾರಿಯೇ ಇಲ್ಲದ ಕಡೆ ನಿಯಮ ಉಲ್ಟಾ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬಾರದು, ಹರಡಿಕೊಂಡು ನಡೆಯಬೇಕು. ಐದು ಜನ ಒಂದೇ ಜಾಗ ತುಳಿದರೆ ದಾರಿ ಹುಟ್ಟುತ್ತದೆ. ಮುಂದೆ ಬಂದವರು ಆ ದಾರಿ ಹಿಡಿಯುತ್ತಾರೆ. ಒಬ್ಬೊಬ್ಬರು ಒಂದೊಂದು ಕಡೆ ತುಳಿದರೆ ಪಾಚಿ ಮತ್ತೆ ಎದ್ದು ಕೂರುತ್ತದೆ. ಡೆನಾಲಿಯಲ್ಲಿ ಉದ್ಯಾನದವರೇ ಹೀಗೆ ಹೇಳಿ ಕಳಿಸುತ್ತಾರೆ. ನದಿಯ ಜಲ್ಲಿ ದಂಡೆ, ಕಲ್ಲು, ಗಟ್ಟಿ ಹಿಮ ಸಿಕ್ಕರೆ ಅಲ್ಲೇ ನಡೆಯುವುದು, ಅಲ್ಲೇ ಟೆಂಟ್ ಹಾಕುವುದು ಒಳ್ಳೆಯದು.

ವೇಗದ ಬಗ್ಗೆ ಭ್ರಮೆ ಬೇಡ. ಹತ್ತಿಹುಲ್ಲು ಬೆಳೆಯುವ ಕಡೆ ನೆಲದ ತುಂಬ ಚೆಂಡಿನಂಥ ಗಂಟು ಗಂಟು ದಿಬ್ಬಗಳು. ಮೇಲೆ ಕಾಲಿಟ್ಟರೆ ಓಲಾಡುತ್ತವೆ, ನಡುವೆ ಕಾಲಿಟ್ಟರೆ ಮೊಣಕಾಲವರೆಗೆ ನೀರು. ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ದೊಡ್ಡ ಮಾತು. ಗಾಳಿ ತಿಳಿ, ಅಳೆದು ನೋಡಲು ಒಂದು ಮರವೂ ಇಲ್ಲ. ಅರ್ಧ ಗಂಟೆಯ ದೂರ ಅನಿಸಿದ ಗುಡ್ಡ ಅರ್ಧ ದಿನ ತಗೊಳ್ಳಬಹುದು. ಜುಲೈನಲ್ಲೂ ಮಳೆ, ಗಾಳಿ ಒಟ್ಟಿಗೆ ಬಂದರೆ ಐದಾರು ಡಿಗ್ರಿಯಲ್ಲೇ ಮೈ ತಣ್ಣಗಾಗಿ ಜೀವಕ್ಕೆ ಅಪಾಯ. ಹತ್ತಿ ಬಟ್ಟೆ ಒದ್ದೆಯಾದರೆ ಮತ್ತೆ ಒಣಗುವುದಿಲ್ಲ. ಉಣ್ಣೆ, ನೀರು ತಡೆಯುವ ಮೇಲಂಗಿ ಬೇಕೇ ಬೇಕು.

ಸೊಳ್ಳೆಯ ವಿಷಯದಲ್ಲಿ ಯಾರೂ ಅತಿಶಯ ಮಾಡುತ್ತಿಲ್ಲ. ನಿಂತ ನೀರು, ರಾತ್ರಿಯಿಲ್ಲದ ಬೇಸಿಗೆ, ಅವಕ್ಕೆ ಇನ್ನೇನು ಬೇಕು? ಸಾರಂಗಗಳ ಹಿಂಡು ಮೇಯುವುದು ಬಿಟ್ಟು ಗಾಳಿ ಬೀಸುವ ದಿಬ್ಬ, ಉಳಿದ ಹಿಮದ ತುಂಡು ಹುಡುಕಿ ಓಡುವುದು ಈ ಕಾಟಕ್ಕೇ. ತಲೆಗೆ ಹಾಕುವ ಬಲೆ ಜೇಬಿನಲ್ಲಿರಲಿ.

ಶೌಚದ ಮಾತು ಪ್ರವಾಸದ ಲೇಖನಗಳಲ್ಲಿ ನಾಚಿಕೆಯಿಂದ ಮುಗಿದುಹೋಗುತ್ತದೆ. ಚಳಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ಬಹಳ ನಿಧಾನ. ಕಾಗದ, ಹಣ್ಣಿನ ಸಿಪ್ಪೆ ವರ್ಷಗಟ್ಟಲೆ ಹಾಗೇ ಇರುತ್ತವೆ. ಆಳಕ್ಕೆ ಗುಂಡಿ ತೋಡೋಣ ಅಂದರೆ ಕೆಳಗೆ ಮಂಜುಗಡ್ಡೆ, ಮೇಲಿನ ಹಾಸು ಕಿತ್ತರೆ ಮತ್ತದೇ ಕಥೆ. ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು.

ಖಾಲಿ ಕಾಣುವ ಆ ಬಯಲು ಯಾರದೋ ಮನೆ ಅಂಗಳವೂ ಹೌದು. ಯಮಾಲ್‌ನಲ್ಲಿ ನೆನೆಟ್ಸ್ ಜನ, ಉತ್ತರ ಯುರೋಪಿನಲ್ಲಿ ಸಾಮಿ ಜನ ಇಂದಿಗೂ ಸಾರಂಗ ಮೇಯಿಸುತ್ತಾರೆ. 2013ರ ನವೆಂಬರ್‌ನಲ್ಲಿ ಯಮಾಲ್‌ನಲ್ಲಿ ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿತು. ಗಾಜಿನಂಥ ಆ ಪದರ ಕೆದಕಿ ಕಲ್ಲುಹೂವು ತಿನ್ನಲಾಗದೆ ಸುಮಾರು 61,000 ಸಾರಂಗಗಳು ಸತ್ತವು. ಅಂಥ ವರ್ಷ ದಾಟಿ ಬಂದ ಹಿಂಡಿನ ಮೇಲೆ, ಮರಿ ಹಾಕುವ ವಸಂತದಲ್ಲಿ, ಫೋಟೋಕ್ಕೆಂದು ಡ್ರೋನ್ ಹಾರಿಸಿದರೆ ಮೇಯಿಸುವವರಿಗೆ ಏನನಿಸಬೇಕು? ಹಿಂಡು ಎದುರಾದರೆ ನಿಂತುಬಿಡಿ, ಅವು ಹೋಗಲಿ. ಜನರ ಫೋಟೋ ಬೇಕಿದ್ದರೆ ಕೇಳಿ.

ಬೇಲಿಯೊಳಗಿನ ತುಂಡು ನೆಲ

ಹೆಚ್ಚಿನವರು ಆರ್ಕ್ಟಿಕ್‌ಗೆ ಹೋಗುವುದಿಲ್ಲ. ಅವರು ನೋಡುವ ಟಂಡ್ರಾ ಬೆಟ್ಟದ ಮೇಲಿನದ್ದು. ಕಾರಿನಲ್ಲೇ ಹತ್ತಬಹುದು, ಹಾಗಾಗಿ ತುಳಿತವೂ ಅಲ್ಲೇ ಜಾಸ್ತಿ. ಅಮೆರಿಕದ ಕೊಲೊರಾಡೊದಲ್ಲಿ ರಾಕಿ ಮೌಂಟನ್ ಉದ್ಯಾನದ ಟ್ರೇಲ್ ರಿಡ್ಜ್ ರಸ್ತೆ 3,713 ಮೀಟರ್ ಎತ್ತರಕ್ಕೆ ಏರುತ್ತದೆ. ಒಂದೆರಡು ಗಂಟೆಯಲ್ಲಿ ಕಾಡಿನಿಂದ ಮೇಲೆ ಬಂದು ಬಾಗಿಲು ತೆಗೆದರೆ ತಲೆ ಸುತ್ತಬಹುದು, ಮಧ್ಯಾಹ್ನದ ಮೇಲೆ ಸಿಡಿಲು ಬರಬಹುದು. ಬೆಳಗ್ಗೆಯೇ ಹೋಗಿ ಬರುವುದು ಜಾಣತನ.

ಬಿಯಾಟ್ರಿಸ್ ವಿಲ್ಲಾರ್ಡ್ ಎಂಬ ಸಸ್ಯವಿಜ್ಞಾನಿ 1959ರಲ್ಲಿ ಆ ರಸ್ತೆಯ ಪಕ್ಕ, ಪ್ರವಾಸಿಗರು ಇಳಿದು ಓಡಾಡುವ ಕಡೆಯಲ್ಲೇ ಸಣ್ಣ ತುಂಡು ನೆಲಗಳಿಗೆ ಬೇಲಿ ಹಾಕಿದರು. ತುಳಿಯುವುದು ನಿಂತರೆ ನೆಲ ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ನೋಡುವುದು ಅವರ ಲೆಕ್ಕ. ದಶಕಗಳು ಕಳೆದವು. ಮಣ್ಣು ಕೊಚ್ಚಿಹೋಗಿದ್ದ ಕಡೆ ಹಳೆಯ ಹಾಸು ಮರಳಲು ನೂರಾರು ವರ್ಷ ಬೇಕಾದೀತು ಎಂಬ ಅಂದಾಜಿಗೆ ಅವರು ಬಂದರು. ಅವರ ಕೆಲಸದ ಮೇಲೆಯೇ ಆ ಜಾಗಗಳಲ್ಲಿ ಡಾಂಬರು ಕಾಲುದಾರಿ ಬಂತು, ದಾರಿ ಬಿಟ್ಟು ಇಳಿಯಬಾರದು ಎಂಬ ಫಲಕ ಬಂತು. ಆ ತುಂಡು ನೆಲಗಳು 2007ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿ ಸೇರಿದವು. ಕೋಟೆ, ಚರ್ಚು, ಹಳೆ ಸೇತುವೆಗಳ ಸಾಲಿನಲ್ಲಿ ಈಗ ಒಂದಿಷ್ಟು ತುಳಿದ ಹುಲ್ಲಿನ ಹೆಸರೂ ಇದೆ.